ಕಾಣಲಿಲ್ಲ ಎಂದರೆ ಇಲ್ಲ ಎಂದರ್ಥವೇ?

"ಆ ಕಾಡಿನಲ್ಲಿ ಹುಲಿ ಇಲ್ಲ" ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನಿಜಕ್ಕೂ ನಮಗೆ ಗೊತ್ತಿರುವುದು ಇಷ್ಟೇ: ಅಲ್ಲಿಗೆ ಹೋದವರಿಗೆ ಹುಲಿಯಾಗಲಿ, ಅದರ ಹೆಜ್ಜೆ ಗುರುತಾಗಲಿ ಕಾಣಲಿಲ್ಲ. ಈ ಎರಡು ಮಾತುಗಳು ಒಂದೇ ಅಲ್ಲ. ರಸ್ತೆಗೋ ಗಣಿಗೋ ಕಾಡು ಬಿಟ್ಟುಕೊಡುವ ಪ್ರಶ್ನೆ ಬಂದಾಗ, ನಕಾಶೆಯಲ್ಲಿ 'ಇಲ್ಲ' ಎಂದು ಬರೆದ ಜಾಗವನ್ನು ಉಳಿಸಿಕೊಳ್ಳುವುದು ಕಷ್ಟ.

'ಇಲ್ಲ' ಎಂಬ ಮಾಹಿತಿ ಏಕೆ ಬೇಕು?

ಒಂದು ಜೀವಿ ಎಲ್ಲೆಲ್ಲಿ ಇರಬಹುದು ಎಂದು ಅಂದಾಜಿಸಲು ವಿಜ್ಞಾನಿಗಳು ಕಂಪ್ಯೂಟರ್ ಮಾದರಿ ಬಳಸುತ್ತಾರೆ. ಜೀವಿ ಸಿಕ್ಕ ಜಾಗಗಳ ಮಳೆ, ಉಷ್ಣಾಂಶ, ಎತ್ತರಗಳನ್ನು ಅದಕ್ಕೆ ಕೊಡುತ್ತಾರೆ. ಒಂದು ಕಪ್ಪೆ ಸಿಕ್ಕ ಎಲ್ಲ ಜಾಗಗಳಲ್ಲೂ ಹೆಚ್ಚು ಮಳೆ ಬೀಳುತ್ತದೆ ಎನ್ನೋಣ. ಕಪ್ಪೆಗೆ ಮಳೆ ಬೇಕೇ? ಆ ಪ್ರದೇಶದಲ್ಲೆಲ್ಲಾ ಅಷ್ಟೇ ಮಳೆ ಬೀಳುವುದಾದರೆ ಹಾಗೆ ಹೇಳಲಾಗದು. ಹೋಲಿಸಲು ಕಪ್ಪೆ ಇಲ್ಲದ ಜಾಗಗಳೂ ಬೇಕು.

ಆದರೆ ವಸ್ತುಸಂಗ್ರಹಾಲಯಗಳ ದಾಖಲೆಗಳಲ್ಲಿ ಇರುವುದು ಹೆಚ್ಚಾಗಿ 'ಸಿಕ್ಕಿತು' ಎಂಬ ಮಾಹಿತಿ ಮಾತ್ರ. ಆದ್ದರಿಂದ ಕಂಪ್ಯೂಟರೇ ಕೆಲವು ಜಾಗಗಳನ್ನು ಆರಿಸಿ, ಇಲ್ಲಿ ಇಲ್ಲ ಎಂದು ಊಹಿಸಿಕೊಳ್ಳುತ್ತದೆ. ಇದನ್ನು 'ಹುಸಿ ಗೈರುಹಾಜರಿ' ಎನ್ನಬಹುದು. 2006ರಲ್ಲಿ ವಿವರವಾಗಿ ಪ್ರಕಟವಾದ ಮ್ಯಾಕ್ಸೆಂಟ್ ವಿಧಾನ ಸ್ವಲ್ಪ ಬೇರೆ. ಅದು ಸಾಮಾನ್ಯವಾಗಿ 10,000 ಬಿಂದುಗಳನ್ನು ಆರಿಸುತ್ತದೆ, ಆದರೆ ಅಲ್ಲಿ ಜೀವಿ ಇಲ್ಲ ಎನ್ನುವುದಿಲ್ಲ. ಆ ಪ್ರದೇಶ ಒಟ್ಟಾರೆ ಹೇಗಿದೆ ಎಂಬುದನ್ನಷ್ಟೇ ತಿಳಿದುಕೊಳ್ಳುತ್ತದೆ.

ಎರಡು ಬಲೆಗಳು

ಮೊದಲನೆಯದು ದೂರ. ಪಶ್ಚಿಮ ಘಟ್ಟದಲ್ಲಷ್ಟೇ ಇರುವ ಸಿಂಗಳೀಕಕ್ಕೆ ರಾಜಸ್ಥಾನದ ಮರುಭೂಮಿಯಿಂದ 'ಇಲ್ಲ' ಬಿಂದುಗಳನ್ನು ತಂದರೆ ಮಾದರಿಗೆ ಒಳ್ಳೆಯ ಅಂಕ ಬರುತ್ತದೆ. ಆದರೆ ಅದು ಕಲಿತದ್ದೇನು? ಸಿಂಗಳೀಕ ಮರಳುಗಾಡಿನಲ್ಲಿಲ್ಲ ಎಂದು! ಘಟ್ಟದೊಳಗೆ ಯಾವ ಕಾಡು ಅದಕ್ಕೆ ಒಗ್ಗುತ್ತದೆ ಎಂಬ ಪ್ರಶ್ನೆ ಹಾಗೇ ಉಳಿಯಿತು. ಆ ಪ್ರಾಣಿ ತಲುಪಬಹುದಾದ ಪ್ರದೇಶದೊಳಗಿಂದಲೇ ಬಿಂದುಗಳನ್ನು ಆರಿಸಬೇಕು.

ಎರಡನೆಯದು ನಮ್ಮ ಓಡಾಟ. ನಾವು ಹೆಚ್ಚು ನೋಡುವುದು ರಸ್ತೆ ಬದಿಯಲ್ಲಿ, ಊರಿನ ಹತ್ತಿರ. 'ಇಲ್ಲ' ಬಿಂದುಗಳನ್ನು ಎಲ್ಲೆಡೆ ಚೆಲ್ಲಿದರೆ, ಹಕ್ಕಿಗೆ ರಸ್ತೆ ಇಷ್ಟ ಎಂದು ಮಾದರಿ ತಪ್ಪು ತಿಳಿಯುತ್ತದೆ. ಅದೇ ಬಗೆಯ ಬೇರೆ ಜೀವಿಗಳನ್ನು ಜನ ದಾಖಲಿಸಿದ ಜಾಗಗಳಿಂದಲೇ ಬಿಂದುಗಳನ್ನು ಆರಿಸುವುದು ಇದಕ್ಕೊಂದು ಪರಿಹಾರ. ಅಲ್ಲಿಗೆ ನೋಡುವವರು ಹೋಗಿದ್ದರು ಎಂಬುದಾದರೂ ಖಾತ್ರಿ.

ಮತ್ತೆ ಮತ್ತೆ ಹೋಗಿ ನೋಡುವುದು

ಸಾಧ್ಯವಾದರೆ ಒಂದೇ ಜಾಗಕ್ಕೆ ಹಲವು ಬಾರಿ ಹೋಗುವುದು ಉತ್ತಮ. ಪ್ರಾಣಿ ಇದ್ದರೂ ಒಂದು ಭೇಟಿಯಲ್ಲಿ ಕಾಣುವ ಸಾಧ್ಯತೆ ಶೇ. 40 ಎಂದುಕೊಳ್ಳಿ. ಒಮ್ಮೆ ಹೋದರೆ ತಪ್ಪಿಹೋಗುವ ಸಾಧ್ಯತೆ ಶೇ. 60. ಮೂರು ಬಾರಿಯೂ ತಪ್ಪಿಹೋಗುವ ಸಾಧ್ಯತೆ ಸುಮಾರು ಶೇ. 22, ಐದು ಬಾರಿಯೂ ತಪ್ಪುವುದು ಶೇ. 8ರಷ್ಟೇ. ಹೀಗೆ 'ಇಲ್ಲ' ಎಂಬ ಮಾತಿಗೆ ತೂಕ ಬರುತ್ತದೆ.

ಕರ್ನಾಟಕದ ಮಲೆನಾಡಿನಲ್ಲೇ ಇದಕ್ಕೆ ಉದಾಹರಣೆ ಇದೆ. ಉಲ್ಲಾಸ ಕಾರಂತ ಮತ್ತು ಸಂಗಡಿಗರು ಸುಮಾರು 38,000 ಚದರ ಕಿ.ಮೀ. ಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ, ಕಾಡುದಾರಿಗಳಲ್ಲಿ ನಡೆದು ಹುಲಿಯ ಗುರುತುಗಳನ್ನು ಹುಡುಕಿದರು. 2011ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಕಣ್ತಪ್ಪಿದ್ದನ್ನು ಪರಿಗಣಿಸದ ಹಳೆಯ ವಿಧಾನ ಹುಲಿ ನೆಲೆಯನ್ನು ಶೇ. 47ರಷ್ಟು ಕಡಿಮೆ ತೋರಿಸುತ್ತಿತ್ತು.

ನಾವೇನು ಮಾಡಬಹುದು?

ಹಕ್ಕಿ ನೋಡುವ ಹವ್ಯಾಸವಿದ್ದರೆ, ಇಬರ್ಡ್‌ನಲ್ಲಿ ಅಪರೂಪದ ಹಕ್ಕಿಯನ್ನಷ್ಟೇ ಬರೆಯದೆ, ಕಾಗೆ, ಮೈನಾ ಸೇರಿ ಗುರುತಿಸಿದ ಎಲ್ಲವನ್ನೂ ಪಟ್ಟಿ ಮಾಡಿ. ಪೂರ್ಣ ಪಟ್ಟಿಯಲ್ಲಿ ಹೆಸರಿಲ್ಲದ ಹಕ್ಕಿಯೂ ಒಂದು ಮಾಹಿತಿಯೇ. ಇನ್ನು ಯಾರಾದರೂ "ಇಲ್ಲಿ ಆ ಪ್ರಾಣಿ ಇಲ್ಲ" ಎಂದರೆ ಒಂದು ಪ್ರಶ್ನೆ ಕೇಳೋಣ: ಎಷ್ಟು ಬಾರಿ ಹೋಗಿ ನೋಡಿದಿರಿ?