ಮಕ್ಕಳ ನಾಟಕವೂ ಮನೆಯವರ ಧರ್ಮವೂ

ವೈಶಾಖಮಾಸವೆಂದರೆ ನಮ್ಮ ಕಾರವಾರ ಅಂಕೋಲೆಗಳ ಕಡೆಯಲ್ಲಿ ಕರಿ ಈಶಾಡು ಮಾವಿನ ಹಣ್ಣಿನ ಕಾಲ. ಮೈಯಿಂದ ಬೆವರು ಧಾರೆಯಾಗಿ ಇಳಿಯುವ ಕಾಲ. ಈಚೆಗೆ ಅದು ಮಕ್ಕಳ ನಾಟಕ ಶಿಬಿರಗಳ ಕಾಲವೂ ಆಗಿರುವುದು. ಹತ್ತು ಹದಿನೈದು ದಿನ ಮಕ್ಕಳು ಒಟ್ಟುಗೂಡಿ ಹಾಡು, ಕುಣಿತ, ಮಾತುಗಾರಿಕೆಗಳನ್ನು ಕಲಿತು, ಕಡೆಯ ದಿನ ಸಂಜೆ ಮನೆಯವರೆಲ್ಲರ ಎದುರಿಗೆ ಒಂದು ನಾಟಕವನ್ನು ಆಡಿ ತೋರಿಸುವರು. ಮೈಸೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ರಂಗಾಯಣದ ‘ಚಿಣ್ಣರ ಮೇಳ’ವು ಇಂಥ ಶಿಬಿರಗಳಲ್ಲಿ ನಾಡಿಗೆಲ್ಲ ಪರಿಚಿತವಾದುದು. ಶಿಬಿರದಿಂದ ಮಕ್ಕಳಿಗೆ ಏನು ಲಾಭವೆಂಬುದನ್ನು ಬಲ್ಲವರು ಬೇಕಾದಷ್ಟು ಬರೆದಿರುವರು. ಆದರೆ ಆ ಕಡೆಯ ಸಂಜೆ ಎದುರಿಗೆ ಕುಳಿತುಕೊಳ್ಳುವ ನಮ್ಮ ಧರ್ಮವೇನು? ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿರುವೆನು.

ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಇದಕ್ಕೆ ಒಪ್ಪುವ ಕಥೆಯೊಂದುಂಟು. ಬ್ರಹ್ಮನು ನಾಟ್ಯವೇದವನ್ನು ನಿರ್ಮಿಸಿ ಭರತನಿಗೆ ಒಪ್ಪಿಸಲು, ಆತನು ಅದನ್ನು ತನ್ನ ನೂರು ಮಂದಿ ಮಕ್ಕಳಿಗೆ ಕಲಿಸಿದನಂತೆ. ಆ ಕಥೆಯಂತೆ ಮೊಟ್ಟಮೊದಲಿನ ನಾಟಕವನ್ನು ಆಡಿದವರು ಒಬ್ಬ ತಂದೆಯ ಮಕ್ಕಳೇ. ಇಂದ್ರಧ್ವಜದ ಉತ್ಸವದಲ್ಲಿ ಆ ಪ್ರಯೋಗವನ್ನು ಕಂಡು ಸಂತುಷ್ಟರಾದ ದೇವತೆಗಳು ಒಬ್ಬೊಬ್ಬರೂ ಒಂದೊಂದು ಕಾಣಿಕೆಯನ್ನಿತ್ತರು. ಇಂದ್ರನು ತನ್ನ ಧ್ವಜವನ್ನು ಕೊಟ್ಟನು. ಸೂರ್ಯನು ಛತ್ರವನ್ನು ಕೊಟ್ಟನು. ಸರಸ್ವತಿಯಾದರೋ ಆಡಿದ ಮಾತು ಕಿವಿಗೆ ಚೆನ್ನಾಗಿ ಕೇಳಲೆಂದು ಶ್ರಾವ್ಯತ್ವವನ್ನು ದಯಪಾಲಿಸಿದಳು. ಆದರೆ ನಾಟಕದಲ್ಲಿ ತಮ್ಮ ಸೋಲನ್ನು ಕಂಡು ಕೆರಳಿದ ದೈತ್ಯರು ವಿಘ್ನರೊಡಗೂಡಿ, ಅದೃಶ್ಯರಾಗಿ ನಿಂತು, ನಟರ ಮಾತು, ಚೇಷ್ಟೆ, ಸ್ಮೃತಿ ಈ ಮೂರನ್ನೂ ಸ್ತಂಭನಗೊಳಿಸಿದರು. ರಂಗದ ಮೇಲೆ ಬೆದರಿ ನಿಂತ ಮಗುವಿನ ಸ್ಥಿತಿಯನ್ನು ಇದಕ್ಕಿಂತ ಸ್ಫುಟವಾಗಿ ವರ್ಣಿಸಲು ಸಾಧ್ಯವೆ? ಅಲ್ಲಿ ವಿಘ್ನವು ಬಂದುದು ಆಡುವವರಿಂದಲ್ಲ, ನೋಡಬಂದವರಿಂದ ಎಂಬುದನ್ನು ತಾಯಿತಂದೆಗಳು ಗಮನಿಸತಕ್ಕದ್ದು.

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಒಂದು ಶಿಬಿರದಲ್ಲಿ ನನ್ನ ಮೊಮ್ಮಗಳೂ ಸೇರಿದ್ದಳು. ರಾಜನೊಬ್ಬನು ಗಿಳಿಗೆ ವಿದ್ಯೆ ಕಲಿಸಹೊರಟು, ಚಿನ್ನದ ಪಂಜರದಲ್ಲಿಟ್ಟು, ಪುಸ್ತಕದ ಹಾಳೆಗಳನ್ನೇ ಅದರ ಬಾಯಿಗೆ ತುರುಕಿಸಿದ ಕಥೆಯನ್ನು ಮಕ್ಕಳು ಆಡಿದರು. ಇದು ರವೀಂದ್ರನಾಥ ಠಾಕೂರರ ಕಥೆ, ಬಿ. ವಿ. ಕಾರಂತರು ಇದನ್ನೇ ಆಧರಿಸಿ ಕನ್ನಡದ ಮಕ್ಕಳಿಗೆ ‘ಪಂಜರಶಾಲೆ’ಯನ್ನು ಕೊಟ್ಟರು. ನಮ್ಮ ಕೂಸಿಗೆ ಬಂದುದು ಪಂಜರದ ಕಾವಲುಗಾರನ ವೇಷ, ಮಾತುಗಳು ನಾಲ್ಕೇ. ಮೂರನೆಯ ಮಾತಿಗೆ ಅವಳು ತಡೆದು ನಿಂತಳು. ಕೂಡಲೇ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, “ಬಾಗಿಲು ಹಾಕಿದೆ ಮಹಾಪ್ರಭು, ಅನ್ನು! ಬಾಗಿಲು!” ಎಂದು ಕೂಗಿದರು. ಇಬ್ಬರು ಮೊಬೈಲನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು. ಎಲ್ಲಿಯೋ ನಗೆಯೂ ಕೇಳಿಸಿತು. ಅಷ್ಟರವರೆಗೆ ಮಾತು ಮಾತ್ರ ಮರೆತಿದ್ದ ಮಗುವಿಗೆ ಆಗ ಕೈಕಾಲುಗಳೂ ನಿಂತುಹೋದವು. ಆಗ ಪಂಜರದೊಳಗೆ ಸುಮ್ಮನೆ ಕೂತಿರಬೇಕಾಗಿದ್ದ ಗಿಳಿಯ ವೇಷದ ಹುಡುಗಿಯು ರೆಕ್ಕೆಯನ್ನು ಬಡಿದು, “ಎಲಾ ಕಾವಲುಗಾರ, ನನ್ನ ಬಾಗಿಲು ಹಾಕಿದೆಯೋ ಇಲ್ಲವೋ?” ಎಂದು ಕೇಳಿದಳು. ಕಾವಲುಗಾರನಿಗೆ ಮಾತು ಮರಳಿ ಬಂದಿತು; ನಾಟಕ ಸಾಗಿತು.

ಮನೆಗೆ ಬಂದ ಮೇಲೆ ಅವಳ ತಂದೆಯು, “ಹದಿನೈದು ದಿನ ಕಲಿತು ನಾಲ್ಕು ಮಾತು ನೆನಪಿಡಲಾಗಲಿಲ್ಲವೆ?” ಎಂದನು. ಕೂಸು ತಟ್ಟೆಯ ಮುಂದೆ ಕುಳಿತು ಅನ್ನವನ್ನು ಕಲಸುತ್ತಲೇ ಇದ್ದಳು. “ಬರುವ ವರ್ಷ ನಾನು ಹೋಗುವುದಿಲ್ಲ” ಎಂದಳು. ಅವಳ ಅಜ್ಜಿಯು ಮೀನುಸಾರು ಬಡಿಸುತ್ತ, “ಅದಿರಲಿ ತಂಗೀ, ಆ ಗಿಳಿಯ ರೆಕ್ಕೆಯನ್ನು ಯಾರು ಮಾಡಿದರೆ?” ಎಂದು ಕೇಳಿದಳು. ರೆಕ್ಕೆಗೆ ಹಳೆಯ ಕಾಗದ ಹಚ್ಚಿದವಳು ತಾನೇ ಎಂದು ಹೇಳತೊಡಗಿದ ಕೂಸು, ಅಂಟು ಕುದಿಸಿದುದರಿಂದ ಹಿಡಿದು ಬಣ್ಣ ಒಣಗದೆ ಹೋದುದರವರೆಗೆ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಅನ್ನ ಬಡಿಸಿಯಾಗಿತ್ತು.

“ನಮ್ಮ ಮಗುವಿಗೆ ಇಷ್ಟು ಸಣ್ಣ ಪಾತ್ರವೇಕೆ?” ಎಂದು ಕೇಳುವವರೂ ಉಂಟು. ನಮ್ಮ ಜಿಲ್ಲೆಯ ಯಕ್ಷಗಾನದ ಕ್ರಮವನ್ನು ಅಂಥವರು ಸ್ಮರಿಸಬೇಕು. ಮೇಳವನ್ನು ಸೇರಿದ ಹುಡುಗನು ಮೊದಲೇ ಕಿರೀಟವನ್ನು ಕಟ್ಟುತ್ತಿರಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ಹೆಜ್ಜೆ ಕಲಿತು, ಚೌಕಿಯಲ್ಲಿ ಹಿರಿಯರು ವೇಷ ಕಟ್ಟುವುದನ್ನು ನೋಡುತ್ತ ನೋಡುತ್ತ ಪ್ರಸಂಗದ ಪಾತ್ರಕ್ಕೆ ಬರುವನು. ಕೋಡಂಗಿಯ ವೇಷವನ್ನು ಅವಮಾನವೆಂದು ಬಗೆದಿದ್ದರೆ ಎಷ್ಟೋ ಮಂದಿ ಮಹಾನಟರು ನಮಗೆ ದಕ್ಕುತ್ತಲೇ ಇರಲಿಲ್ಲ.

ಇನ್ನು ತಮ್ಮ ಮಗುವಿನ ಮಾತು ಮುಗಿದೊಡನೆ ಎದ್ದು ಹೊರಡುವವರಿಗೆ ಏನೆನ್ನಬೇಕು? ಇತರರ ಮಕ್ಕಳೂ ಯಾರದೋ ಕಣ್ಣಮಣಿಗಳೇ ಅಲ್ಲವೆ? ರಂಗದ ಮೇಲಿನವರು ಸಂತೋಷಪಟ್ಟರೆ ತಾನೂ ಸಂತೋಷಿಸಿ, ಅವರು ದುಃಖಿಸಿದರೆ ತಾನೂ ದುಃಖಿಸುವವನೇ ಉತ್ತಮ ಪ್ರೇಕ್ಷಕನೆಂದು ಭರತನು ಲಕ್ಷಣ ಹೇಳಿರುವನು. ಮೊಬೈಲಿನ ಗಾಜಿನೊಳಗಿಂದ ತನ್ನ ಮಗುವೊಂದನ್ನೇ ಹುಡುಕುತ್ತಿರುವವನಿಗೆ ಈ ಲಕ್ಷಣವು ಹೇಗೆ ಒಪ್ಪೀತು? ಒಂದೆರಡು ಚಿತ್ರ ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ರಂಗದಿಂದ ಮಗುವು ನೋಡಿದಾಗ ಅದಕ್ಕೆ ಕಾಣಬೇಕಾದುದು ನಮ್ಮ ಮುಖ.

ಹಿರಿಯರು ಕಿರಿಯರಿಂದ ಕಲಿಯಬೇಕಾದುದಕ್ಕೆ ನಮ್ಮ ಊರಿನಲ್ಲಿಯೇ ಹುಟ್ಟಿದ ನಾಟಕವೊಂದು ಸಾಕ್ಷಿಯಾಗಿರುವುದು. 1883ರಲ್ಲಿ ಇಪ್ಪತ್ತೆರಡು ವರ್ಷದ ತರುಣ ರವೀಂದ್ರನಾಥರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದಾಗ ‘ಪ್ರಕೃತಿರ್ ಪ್ರತಿಶೋಧ’ವನ್ನು ಬರೆದರು. ಮಮತೆಯನ್ನೆಲ್ಲ ಕಡಿದೊಗೆದೆನೆಂದು ಬೀಗುತ್ತಿದ್ದ ಸಂನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿಯು ಮತ್ತೆ ಲೋಕದೆಡೆಗೆ ತಿರುಗಿಸುವುದೇ ಅದರ ಕಥೆ. ಇಂದು ಕಾರವಾರದ ಕಡಲತೀರಕ್ಕೆ ಅವರ ಹೆಸರೇ ಇರುವುದು.

ಆದುದರಿಂದ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ. ನಾಟಕಕ್ಕೆ ಹೊತ್ತಿಗೆ ಮುಂಚೆ ಹೋಗಿರಿ, ಕಡೆಯವರೆಗೂ ಕುಳಿತಿರಿ. ಮಗುವು ತಡೆದು ನಿಂತರೆ ಸುಮ್ಮನಿರಿ, ಜತೆಯ ಮಕ್ಕಳೇ ದಾರಿ ಕಂಡುಕೊಳ್ಳುವರು. ಮನೆಗೆ ಮರಳುವಾಗ ಮರೆತ ಮಾತನ್ನು ಕೇಳಬೇಡಿರಿ; ರೆಕ್ಕೆಯನ್ನು ಯಾರು ಮಾಡಿದರೆಂದು ಕೇಳಿರಿ.