ಎಚ್ಚರಿಕೆ ಕೇಳಿಯೂ ಬಾರದವರು

ಮಳೆ ಬರುವುದೆಂದು ಮೊದಲೇ ತಿಳಿದರೆ ಕೊಡೆ ಹಿಡಿದು ಹೊರಡುತ್ತೇವೆ. ಚಂಡಮಾರುತ ಬರುವುದೆಂದು ಮೊದಲೇ ತಿಳಿದರೆ? ಸುರಕ್ಷಿತ ಸ್ಥಳಕ್ಕೆ ಹೋಗಿ ಪ್ರಾಣ ಉಳಿಸಿಕೊಳ್ಳುವುದಲ್ಲದೆ ಮತ್ತೇನೆಂದು ತಟ್ಟನೆ ಉತ್ತರ ಕೊಟ್ಟುಬಿಡುತ್ತೇವೆ. ಆದರೆ ಈ ಮಾತು ಅಷ್ಟು ಸುಲಭವಲ್ಲವೆಂಬುದನ್ನು ಬಂಗಾಳ ಕೊಲ್ಲಿಯ ತೀರದ ಜನ ಕಣ್ಣೀರಿನಲ್ಲಿ ಕಲಿಯಬೇಕಾಯಿತು.

1970ರ ನವೆಂಬರಿನಲ್ಲಿ, ಆಗ ಪೂರ್ವ ಪಾಕಿಸ್ತಾನವಾಗಿದ್ದ ಆ ತೀರವನ್ನು ಭೋಲಾ ಚಂಡಮಾರುತ ಬಡಿಯಿತು. ಅದಕ್ಕೆ ಆಹುತಿಯಾದವರು 3 ಲಕ್ಷಕ್ಕೆ ಕಡಿಮೆಯಿಲ್ಲವೆಂದು ಎಣಿಕೆ. ಬಾಂಗ್ಲಾದೇಶ ಹುಟ್ಟಿದ ಮೇಲೆ, 1972ರಲ್ಲಿ, ಸರ್ಕಾರವೂ ರೆಡ್ ಕ್ರಾಸ್ ಸಂಸ್ಥೆಯೂ ಕೂಡಿ ಸ್ವಯಂಸೇವಕರ ಪಡೆಯೊಂದನ್ನು ಕಟ್ಟಿದವು. ಬಿರುಗಾಳಿಯ ಸುದ್ದಿ ಬಂದೊಡನೆ ಬಾವುಟ ಏರಿಸುವುದು, ಧ್ವನಿವರ್ಧಕ ಹಿಡಿದು ಊರೂರು ಸುತ್ತಿ ಸಾರುವುದು ಅವರ ಕೆಲಸ. ಕಾಂಕ್ರೀಟಿನ ಆಶ್ರಯಗೃಹಗಳೂ ಅಲ್ಲಲ್ಲಿ ಎದ್ದವು.

ಇಷ್ಟಾದರೂ 1991ರ ಏಪ್ರಿಲ್ 29ರ ರಾತ್ರಿ ಬೀಸಿದ ಚಂಡಮಾರುತದಲ್ಲಿ ಸುಮಾರು 1 ಲಕ್ಷ 38 ಸಾವಿರ ಜನ ಮಡಿದರು. ಎಚ್ಚರಿಕೆಯನ್ನೇನೋ ಸಾರಲಾಗಿತ್ತು. ಹಾಗಾದರೆ ತಪ್ಪಿದ್ದೆಲ್ಲಿ?

ಇದನ್ನು ತಿಳಿಯಲು ಸಂಶೋಧಕರು ನೀರಿಳಿದ ಹಳ್ಳಿಗಳಿಗೇ ಹೋದರು. ಅಂಥ ಒಂದು ತಂಡ 45 ಮನೆಗುಂಪುಗಳ 1,123 ಜನರ ವಿಷಯವನ್ನು ವಿಚಾರಿಸಿತು. ಇಟ್ಟಿಗೆ ಅಥವಾ ಕಾಂಕ್ರೀಟಿನ ಗಟ್ಟಿ ಕಟ್ಟಡವನ್ನು ಸೇರಿದವರೆಲ್ಲರೂ ಬದುಕಿದ್ದರು. ಸೇರದವರಲ್ಲಿ ನೂರಕ್ಕೆ ಸುಮಾರು 22 ಮಂದಿ ತೀರಿಕೊಂಡಿದ್ದರು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಸತ್ತವರು ನೂರಕ್ಕೆ 26. ನಲವತ್ತು ದಾಟಿದ ಹೆಂಗಸರಲ್ಲಿ ನೂರಕ್ಕೆ 31. ಗಾಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಸಾವಿನ ಪಟ್ಟಿಯಲ್ಲಿ ಆ ಭೇದ ಎದ್ದು ಕಾಣುತ್ತಿತ್ತು.

ಕಾರಣಗಳನ್ನು ಹುಡುಕಿದರೆ ಅವು ಆಕಾಶದಲ್ಲಿರಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿದ್ದವು. ಗಂಡ ಬಾರದೆ ಮನೆ ಬಿಟ್ಟು ಹೊರಡುವುದೆಂತು ಎಂದು ಕಾದವಳು ಒಬ್ಬಳು. ಕಂಕುಳಲ್ಲೊಂದು, ಕೈಯಲ್ಲೊಂದು ಮಗು ಹಿಡಿದು, ಒದ್ದೆ ಸೀರೆ ಕಾಲಿಗೆ ತೊಡರಿ ಹಿಂದುಳಿದವಳು ಇನ್ನೊಬ್ಬಳು. ಪರಗಂಡಸರ ನಡುವೆ ಒಂದೇ ಹಜಾರದಲ್ಲಿ ರಾತ್ರಿ ಕಳೆಯಲು ಸಂಕೋಚ, ಶೌಚಕ್ಕೆ ಮರೆಯಿಲ್ಲ. ಬಡವನಿಗೆ ಹಸುವೇ ಆಸ್ತಿ. ಅದನ್ನು ಕಟ್ಟಿಹಾಕಿ ಬರಲು ಮನಸ್ಸೊಪ್ಪದು. ಇವರನ್ನು ಅಜ್ಞಾನಿಗಳೆಂದು ಬೈದಿದ್ದರೆ ಸಂಶೋಧನೆ ಅಲ್ಲಿಗೇ ಮುಗಿಯುತ್ತಿತ್ತು. ಬದಲಿಗೆ, ಕಟ್ಟಡ ಇವರಿಗೆ ತಕ್ಕಂತೆ ಇರಲಿಲ್ಲವೆಂಬ ಮಾತನ್ನು ಅನೇಕರು ಒಪ್ಪಿಕೊಂಡರು. ತಿದ್ದುವ ಕೆಲಸ ಅಲ್ಲಿಂದ ಮೊದಲಾಯಿತು.

ಆಶ್ರಯಗೃಹಗಳ ಸಂಖ್ಯೆ ಬೆಳೆಯಿತು. ಹೊಸ ಕಟ್ಟಡಗಳಲ್ಲಿ ಅನೇಕ ಕಡೆ ಹೆಂಗಸರಿಗೆ ಬೇರೆ ಕೋಣೆ, ಶೌಚಾಲಯ, ನಡೆಯಲಾರದವರಿಗೆ ಇಳಿಜಾರು ದಾರಿ ಬಂದವು. ದನಕರುಗಳಿಗೆಂದು ಮಣ್ಣಿನ ಎತ್ತರದ ದಿಬ್ಬಗಳಿವೆ. ಗಾಳಿಯಿಲ್ಲದ ದಿನಗಳಲ್ಲಿ ಈ ಕಟ್ಟಡಗಳೇ ಎಷ್ಟೋ ಊರುಗಳ ಶಾಲೆ. ದಿನವೂ ಮಕ್ಕಳು ಓದಲು ಹೋಗುವ ಮನೆಗೆ ಆಪತ್ಕಾಲದಲ್ಲಿ ತಾಯಿ ಹೋಗಲು ಅಂಜುವುದುಂಟೆ? ಸ್ವಯಂಸೇವಕರ ಸಂಖ್ಯೆ ಈಚೆಗೆ ಸುಮಾರು 76 ಸಾವಿರಕ್ಕೆ ಏರಿದೆ. ಅವರಲ್ಲಿ ಅರ್ಧದಷ್ಟು ಹೆಂಗಸರು. ಒಳಬಾಗಿಲವರೆಗೂ ಹೋಗಿ, "ಏಳಮ್ಮ, ಹೊರಡೋಣ" ಎನ್ನಬಲ್ಲವರು ಅವರು.

2007ರ ನವೆಂಬರಿನಲ್ಲಿ ಸಿಡರ್ ಎಂಬ ಉಗ್ರ ಚಂಡಮಾರುತ ಬಂದಾಗ ಸತ್ತವರು ಸುಮಾರು 3,400 ಮಂದಿ. ಎರಡು ಬಿರುಗಾಳಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸಿಡರಿನ ರಭಸವನ್ನು ಸುಂದರಬನದ ಕಾಡೂ ತಡೆದಿತ್ತು. 3,400 ಜೀವಗಳೇನೂ ಅಲ್ಪವಲ್ಲ. ಆದರೂ ಲಕ್ಷದ ಲೆಕ್ಕ ಸಾವಿರಕ್ಕೆ ಇಳಿದದ್ದರಲ್ಲಿ ಮನುಷ್ಯ ಪ್ರಯತ್ನದ ಪಾಲು ದೊಡ್ಡದು.

ಗಾಳಿಯ ವೇಗವನ್ನು ಅಳೆಯುವುದು ವಿಜ್ಞಾನ. ಬಾರದೆ ಉಳಿದವರು ಯಾರು, ಏಕೆ ಎಂದು ಕೇಳುವುದೂ ವಿಜ್ಞಾನವೇ. ಕೇಳಿ ತಿಳಿದುದನ್ನು ಒಂದು ಮೆಟ್ಟಿಲಾಗಿ, ಒಂದು ಕೋಣೆಯಾಗಿ ಕಟ್ಟಿದಾಗಲೇ ಅದಕ್ಕೆ ಸಾರ್ಥಕ್ಯ.

ಸಮುದ್ರ ನಮ್ಮ ಮನೆಗೆ ದೂರವಿರಬಹುದು. ಆದರೂ ಈ ಸಂಜೆ ಊಟಕ್ಕೆ ಕುಳಿತಾಗ ಒಮ್ಮೆ ಯೋಚಿಸೋಣ: ನಡುರಾತ್ರಿ ಬೆಂಕಿಯೋ ನೆರೆಯೋ ಬಂದರೆ ನಮ್ಮ ಬೀದಿಯಲ್ಲಿ ಕೂಗು ಕೇಳಿಸದವರು ಯಾರು? ಕೇಳಿಸಿಯೂ ಮೆಟ್ಟಿಲಿಳಿಯಲಾರದವರು ಯಾರು? ಅವರ ಬಾಗಿಲು ತಟ್ಟುವವರು ಯಾರೆಂದು ಇಂದೇ ಗೊತ್ತುಮಾಡಿಕೊಂಡರೆ ಒಳ್ಳೆಯದಲ್ಲವೆ?