ಗೀಚುವ ಕೈಯನ್ನು ತಡೆಯದಿರೋಣ

ಮಗುವಿಗೆ ಮೂರು ವರ್ಷ ತುಂಬುತ್ತಲೇ ಅಕ್ಷರಕ್ಕೆ ಕೂಡಿಸುವ ಆತುರ ನಮ್ಮ ಮನೆಗಳಲ್ಲಿ ಹೆಚ್ಚುತ್ತಿದೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯ ಕುಟುಂಬಗಳಲ್ಲಿ ಎಲ್.ಕೆ.ಜಿ. ಪ್ರವೇಶದ ಮಾತು ಬಂದೊಡನೆ ತಂದೆತಾಯಿಗಳಿಗೆ ಒಂದೇ ಚಿಂತೆ: ಮಗು ಎ, ಬಿ, ಸಿ, ಡಿ ಬರೆಯುವುದೇ, ನೂರರವರೆಗೆ ಎಣಿಸುವುದೇ? ಅದೇ ಮಗು ಸ್ಲೇಟಿನ ಮೇಲೆ ಗೀಚಿ, ಅಳಿಸಿ, ಮತ್ತೆ ಗೀಚುತ್ತ ಕುಳಿತರೆ 'ಬಳಪ ಹಾಳುಮಾಡಬೇಡ, ನೆಟ್ಟಗೆ ಬರೆ' ಎಂಬ ಗದರಿಕೆ. ಆ ಗೀಚಾಟ ವ್ಯರ್ಥವಲ್ಲವೆಂಬುದನ್ನು ಈ ತಿಂಗಳು ತಾಯಂದಿರೊಡನೆ ವಿಚಾರ ಮಾಡಬಯಸುತ್ತೇವೆ.

ಎರಡು ವರ್ಷದ ಶಿಶುವಿಗೆ ಚಿತ್ರದ ಗೊಡವೆಯಿಲ್ಲ. ತನ್ನ ಕೈ ಆಡಿದಲ್ಲಿ ಗುರುತು ಮೂಡಿತೆಂಬ ಅಚ್ಚರಿಯೇ ಅದಕ್ಕೆ ಸಾಕು. ಮೊದಲು ಇಡೀ ತೋಳು ಆಡುತ್ತದೆ, ಬರಬರುತ್ತ ಮಣಿಕಟ್ಟು, ಆಮೇಲೆ ಬೆರಳು ಹತೋಟಿಗೆ ಬರುತ್ತವೆ. ಮೂರರ ಆಸುಪಾಸಿನಲ್ಲಿ ಒಂದು ದಿನ ಗೆರೆಯು ಸುತ್ತಿ ಬಂದು ತಾನು ಹೊರಟ ಜಾಗವನ್ನೇ ಮುಟ್ಟುತ್ತದೆ. ಯಲಹಂಕದ ಕಾರ್ಖಾನೆಯಲ್ಲಿ 1984ರಿಂದ ರೈಲುಗಾಲಿಗಳು ತಯಾರಾಗುತ್ತಿವೆ. ಮಗುವಿನ ಈ ಮೊದಲ ಗಾಲಿ ಅವುಗಳಿಗಿಂತ ಸಣ್ಣ ಸಾಧನೆಯೆಂದು ನಮಗೆ ತೋರುವುದಿಲ್ಲ. ನಮ್ಮ ಕನ್ನಡ ಲಿಪಿಯೂ ದುಂಡಾದುದೇ ಅಲ್ಲವೆ? ಸಲೀಸಾಗಿ ಸುತ್ತು ಹಾಕಬಲ್ಲ ಕೈಗೆ ಮುಂದೆ 'ರ', 'ಠ'ಗಳು ಭಾರವಾಗವು. ಅಕ್ಷರದ ಆತುರವಿದ್ದವರೂ ಗೀಚಲು ಬಿಡಬೇಕೆಂಬುದಕ್ಕೆ ಇದೊಂದೇ ಕಾರಣ ಸಾಕು.

ವೃತ್ತ ಕೂಡಿಬಂದ ಮೇಲೆ ಅದಕ್ಕೆ ಕಣ್ಣು ಮೂಡುತ್ತದೆ, ತಲೆಯಿಂದಲೇ ಎರಡು ಕಾಲು ಇಳಿಯುತ್ತವೆ. 'ಹೊಟ್ಟೆಯೆಲ್ಲಿ?' ಎಂದು ಹಿರಿಯರು ನಗುತ್ತಾರೆ. ನಗಬಾರದು. ದೇಶ ಯಾವುದಾದರೂ ಎಳೆಯರು ಮನುಷ್ಯನನ್ನು ಮೊದಲು ಬರೆಯುವುದು ಹೆಚ್ಚಾಗಿ ಹೀಗೆಯೇ. ಅಮೆರಿಕೆಯ ಶಿಶುವಿಹಾರಗಳಲ್ಲಿ ದುಡಿದ ರೋಡಾ ಕೆಲಾಗ್ ಎಂಬ ವಿದುಷಿ ಮಕ್ಕಳ ಲಕ್ಷಾಂತರ ಚಿತ್ರಗಳನ್ನು ಕಲೆಹಾಕಿ, 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಪ್ಪತ್ತು ಬಗೆಯ ಮೂಲ ಗೀಚುಗಳನ್ನು ಗುರುತಿಸಿದರು. ವೃತ್ತದೊಳಗೆ ಅಡ್ಡಗೆರೆ, ಉದ್ದಗೆರೆ ಕೂಡಿಸುವ ಆಕೃತಿ ಮಕ್ಕಳಲ್ಲಿ ಮತ್ತೆ ಮತ್ತೆ ಬರುವುದನ್ನು ಕಂಡು ಆಕೆ ಅದನ್ನು 'ಮಂಡಲ'ವೆಂದೇ ಕರೆದರು. ಬೆಳಗಿನಲ್ಲಿ ಅಜ್ಜಿ ಹೊಸ್ತಿಲ ಮುಂದೆ ಎಳೆಯುವ ರಂಗೋಲಿಯನ್ನು ನೋಡುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಅದು ಹೊರಗಿನ ವಿದ್ಯೆಯೇನೂ ಅಲ್ಲ. ಚಿಟಿಕೆ ಅಕ್ಕಿಹಿಟ್ಟನ್ನು ಮಗುವಿನ ಕೈಗೂ ಕೊಟ್ಟು, ಪಕ್ಕದಲ್ಲಿ ತನ್ನದೇ ರಂಗೋಲಿ ಹಾಕಲು ಬಿಡಿ. ಸೊಟ್ಟಗಿದ್ದುದನ್ನು ತಿದ್ದಲು ಹೋಗಬೇಡಿ.

ಕೇಡಾಗುವುದು ತಿದ್ದುವಲ್ಲಿಯೇ. 'ಆನೆ ಹೀಗಿರುವುದಿಲ್ಲ, ಇಲ್ಲಿ ನೋಡು' ಎಂದು ತಂದೆ ತಾನೇ ಅಂದವಾದ ಆನೆ ಬರೆದುಕೊಟ್ಟರೆ ಮಗು ಅದನ್ನು ಮೆಚ್ಚಿ, ತನ್ನ ಕ್ರೇಯಾನನ್ನು ಕೆಳಗಿಟ್ಟು, 'ನೀವೇ ಬರೆದುಕೊಡಿ ಅಪ್ಪಾಜಿ' ಎನ್ನುತ್ತದೆ. ನಾಲ್ಕನೆಯ ವರ್ಷಕ್ಕೇ 'ನನಗೆ ಬರೆಯಲು ಬರುವುದಿಲ್ಲ' ಎನ್ನುವ ಮಕ್ಕಳನ್ನು ಕಂಡು ನಾವು ನೊಂದಿದ್ದೇವೆ. 'ಇದೇನು?' ಎಂಬ ಪ್ರಶ್ನೆಯೂ ಒಮ್ಮೊಮ್ಮೆ ಪರೀಕ್ಷೆಯಂತೆ ಕೇಳಿಸುತ್ತದೆ. 'ಇದರ ಕಥೆ ಹೇಳು ಕಂದಾ' ಎಂದರೆ ಮಗು ಬಾಯ್ತುಂಬ ಮಾತನಾಡುತ್ತದೆ.

ಇಲ್ಲಿ ನಮ್ಮ ಸಂಘಸಂಸ್ಥೆಗಳಿಗೂ ಒಂದು ಮಾತು. ಬಸವ ಜಯಂತಿಯಂದು ಚಿತ್ರಸ್ಪರ್ಧೆ ಏರ್ಪಡಿಸುವುದು ಒಳ್ಳೆಯ ವಾಡಿಕೆ. ಆದರೆ ಐದು ವರ್ಷದೊಳಗಿನವರಿಗೆ ಅಚ್ಚು ಹಾಕಿದ ಚಿತ್ರ ಕೊಟ್ಟು, ಗೆರೆ ದಾಟದಂತೆ ಬಣ್ಣ ತುಂಬಿದವರಿಗೆ ಬಹುಮಾನ ಕೊಡುವುದು ಸಲ್ಲದು. ಬಹುಮಾನದ ಆಸೆಗೆ ತಾಯಿಯೇ ಮಗುವಿನ ಕೈ ಹಿಡಿದು ತುಂಬಿಸುವುದು ಎಲ್ಲರೂ ಕಂಡದ್ದೇ. ಆ ವಯಸ್ಸಿನವರಿಗೆ ಸ್ಪರ್ಧೆಯೇ ಬೇಡ. ಬಿಳಿಯ ಹಾಳೆ ಕೊಟ್ಟು, ಬಂದ ಚಿತ್ರಗಳನ್ನೆಲ್ಲ ಸಭಾಂಗಣದಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೇ ತೂಗುಹಾಕಲಿ.

ಸಾಮಗ್ರಿಗೆ ಹಣ ಸುರಿಯಬೇಕಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿ, ಸ್ಲೇಟು, ಸೀಮೆಸುಣ್ಣ, ಎಳೆಯ ಹಿಡಿತಕ್ಕೆ ಸಿಗುವ ದಪ್ಪನೆಯ ಕ್ರೇಯಾನು ಇದ್ದರಾಯಿತು. ಅರಿಶಿನ, ಬೀಟ್‌ರೂಟ್ ರಸಗಳಲ್ಲಿ ಬೆರಳದ್ದಿ ಬರೆಯುವುದು ಮಕ್ಕಳಿಗೆ ಹಬ್ಬವೇ ಸರಿ. ಅಂಗಡಿಯ ಬಣ್ಣದ ರಂಗೋಲಿಪುಡಿ ಮಾತ್ರ ಬಾಯಿಗೂ ಕಣ್ಣಿಗೂ ಹೋಗುವ ಭಯವಿರುವುದರಿಂದ ಬೇಡ. ಬಾಡಿಗೆ ಮನೆಯ ಗೋಡೆ ಕೆಡುವುದೆಂಬ ಅಂಜಿಕೆಯಿದ್ದವರು ಕೆಳಭಾಗಕ್ಕೆ ದೊಡ್ಡ ಹಾಳೆಗಳನ್ನು ಅಂಟಿಸಿ, 'ಈ ಗೋಡೆ ನಿನ್ನದು' ಎಂದು ಬಿಟ್ಟುಕೊಡಬಹುದು. ಅಡುಗೆಮನೆಯ ಕೆಲಸ ಮುಗಿಯುವವರೆಗೆ ಕೈಗೆ ಮೊಬೈಲ್ ಕೊಡುವುದಕ್ಕಿಂತ ಇದು ಲೇಸು.

ಬರೆಯಲು ವಸ್ತುವನ್ನು ಹುಡುಕಬೇಕಾಗಿಲ್ಲ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ವೈಮಾನಿಕ ಪ್ರದರ್ಶನ ನಡೆಯುತ್ತ ಬಂದಿದೆ. ತಲೆಯ ಮೇಲೆ ವಿಮಾನ ಗುಡುಗಿದರೆ ಅಂದು ಹಾಳೆಯ ತುಂಬ ವಿಮಾನವೇ. ಹೆಬ್ಬಾಳದ ಕೆರೆಯಲ್ಲಿ ಹೆಜ್ಜಾರ್ಲೆ, ನೀರುಕಾಗೆಗಳು; ಯಶವಂತಪುರದಲ್ಲಿ ರೈಲು. ತೋರಿಸಿ ತನ್ನಿ, ಮನೆಗೆ ಬಂದು 'ಅದನ್ನೇ ಬರೆ' ಎಂದು ಮಾತ್ರ ಅಪ್ಪಣೆ ಮಾಡಬೇಡಿ. ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಗೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿಬನ್ನಿ. ದೊಡ್ಡವರೂ ಬೀದಿಯಲ್ಲಿ ಕುಳಿತು ಬಣ್ಣ ಹಚ್ಚುವುದನ್ನು ಅದು ಕಾಣಲಿ.

'ಶಾಲೆಯವರು ಒಪ್ಪಬೇಕಲ್ಲ' ಎಂದು ತಾಯಂದಿರು ಹೇಳುವುದುಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಹಂತವನ್ನು ಆಟದ ಕಲಿಕೆಯ ಹಂತವೆಂದು ಒಪ್ಪಿ, ಶಿಶುಶಿಕ್ಷಣದಲ್ಲಿ ಚಿತ್ರ ಬರೆಯುವುದನ್ನೂ ಬಣ್ಣ ಹಚ್ಚುವುದನ್ನೂ ಹೆಸರಿಸಿದೆ. ಪ್ರವೇಶಕ್ಕೆ ಹೋದಾಗ ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ತಮ್ಮಿಷ್ಟದಂತೆ ಬರೆಯಲು ಬಿಡುತ್ತೀರಿ ಎಂದು ಧೈರ್ಯವಾಗಿ ಕೇಳಿ. ಮನೆಯಲ್ಲಿಯೂ ಪ್ರತಿ ಚಿತ್ರದ ಹಿಂಬದಿಯಲ್ಲಿ ತಾರೀಖನ್ನೂ ಮಗು ಹೇಳಿದ ಕಥೆಯನ್ನೂ ಅದರ ಮಾತಿನಲ್ಲಿಯೇ ಬರೆದಿಡಿ. ಊರಿನಿಂದ ಅಜ್ಜ ಬಂದಾಗ ಮಗು ಮೊದಲು ಎಳೆದು ತರುವುದು ಆ ಕಟ್ಟನ್ನೇ.